ಮೀನಿನ ಪೆಟ್ಟಿಗೆಯಲ್ಲಿ ಕಟ್ಟಿದ ಕೋಟೆ

ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನಿಟ್ಟು ದಾಳ ಉರುಳಿಸಿ ಆಡುವ ಆಟದ ಹುಚ್ಚು ನನಗೆ ಹತ್ತಿ ನಾಲ್ಕು ವರ್ಷ ಆಯ್ತು. ಹೆಚ್ಚಾಗಿ ಆಡುವುದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ನಾವು ಮೂವರು ಕಾರವಾರದವರು, ಇನ್ನೊಬ್ಬ ತಿಂಗಳಿಗೊಮ್ಮೆ ಶಿರಸಿಯಿಂದ ಬಸ್ಸು ಹತ್ತಿ ಬರುತ್ತಾನೆ. ಬೊಂಬೆಗಳಿಗೆ ದುಡ್ಡು ಸುರಿದ ಮೇಲೆ ಗುಡ್ಡ, ಮನೆ, ಕೋಟೆ ಗೋಡೆಗೆ ಅಂತ ಕೈಯಲ್ಲಿ ಏನೂ ಉಳಿದಿರಲಿಲ್ಲ. ಒಂದು ವರ್ಷ ಪುಸ್ತಕ ಅಡ್ಡ ಇಟ್ಟು ಅದನ್ನೇ ಗೋಡೆ ಎಂದುಕೊಂಡು ಆಡಿದೆವು.

ಆಮೇಲೆ ಎಲ್ಲರ ಹಾಗೆ ನಾನೂ ವಿಡಿಯೋ ನೋಡಿದೆ. ಅಲ್ಲಿ ಎಲ್ಲರೂ ಎಕ್ಸ್‌ಪಿಎಸ್ ಎನ್ನುವ ನಯವಾದ ಫೋಮ್ ಹಲಗೆ ಕೊಯ್ಯುತ್ತಾರೆ. ಬಂಡೆಗೆ ಪೈನ್ ಮರದ ತೊಗಟೆ ಅಂಟಿಸುತ್ತಾರೆ. ಇಲ್ಲಿ ಅಂಗಡಿಯಲ್ಲಿ ಫೋಮ್ ಕೇಳಿದರೆ ಇಡೀ ಕಟ್ಟು ತಗೋಬೇಕು ಎಂದರು. ಪೈನ್ ಅಂತೂ ನಮ್ಮ ಕಾಡಿನ ಮರವೇ ಅಲ್ಲ. ಹಾಗಾಗಿ ಬೈತಖೋಲ ಬಂದರಿಗೆ ಹೋಗಿ, ಒಡೆದು ಬಿದ್ದಿದ್ದ ಎರಡು ಥರ್ಮಾಕೋಲ್ ಮೀನಿನ ಪೆಟ್ಟಿಗೆ ಕೇಳಿ ತಂದೆ. ಪುಕ್ಕಟೆ. ಬಾಗಿಲಲ್ಲೇ ಅಮ್ಮ ತಡೆದರು: "ಇದು ಮನೆಯೊಳಗೆ ಬಂದರೆ ನೀನು ಹೊರಗೆ, ನೋಡು." ಸೋಪಿನ ನೀರಲ್ಲಿ ತೊಳೆದೆ, ಆಮೇಲೆ ನಿಂಬೆ ಉಜ್ಜಿದೆ, ಮೂರು ದಿನ ಮಾಡಿನ ಮೇಲೆ ಬಿಸಿಲಿಗಿಟ್ಟೆ. ಮೇಲ್ಪದರವನ್ನು ಅರ್ಧ ಸೆಂಟಿಮೀಟರ್ ಕೊಯ್ದು ತೆಗೆದ ಮೇಲೇ ವಾಸನೆ ಪೂರ್ತಿ ಹೋಗಿದ್ದು. ಮೊದಲೇ ಹಾಗೆ ಮಾಡಿದ್ದರೆ ನಿಂಬೆ ಉಳಿಯುತ್ತಿತ್ತು.

ಥರ್ಮಾಕೋಲ್ ಬಗ್ಗೆ ಎಲ್ಲರ ದೂರು ಒಂದೇ, ಕೊಯ್ದರೆ ಕಾಳು ಕಾಳಾಗಿ ಉದುರುತ್ತದೆ, ಬಣ್ಣ ಹಚ್ಚಿದರೂ ಆ ಗುಂಡು ಗುಂಡು ಕಾಣುತ್ತದೆ. ನಿಜ. ಮೊದಲ ಗೋಡೆ ಸಾಬುದಾಣಿ ಹಪ್ಪಳದ ಹಾಗೆ ಇತ್ತು. ಬೇಜಾರಾಗಿ ಹಳೇ ತಂತಿ ಬ್ರಷ್ಷಿನಿಂದ ಗೋಡೆಗೆ ಚುಚ್ಚುತ್ತಾ ಕೂತಿದ್ದೆ, ಸುಮ್ನೆ. ಕಾಳು ಅಲ್ಲಲ್ಲಿ ಕಿತ್ತು ಬಂದು ತೂತು ಬಿದ್ದವು. ಎದುರಿಗೇ ನಮ್ಮ ಬಾವಿಕಟ್ಟೆ ಇತ್ತು, ಚಿರೇಕಲ್ಲಿನದ್ದು, ಅಂದರೆ ತೂತು ತೂತಿನ ಕೆಂಪು ಕಲ್ಲಿನದ್ದು. ಎರಡನ್ನೂ ನೋಡಿದೆ. ಒಂದೇ ಮುಖ!

ಅಲ್ಲಿಂದ ಮುಂದೆ ನಾನು ವಿಡಿಯೋದ ಬೂದು ಬಣ್ಣದ ಕೋಟೆ ಮಾಡಲೇ ಇಲ್ಲ. ಕಾಳಿ ನದಿ ದಾಟಿದರೆ ಸದಾಶಿವಗಡ ಇದೆಯಲ್ಲ, ಅಂಥ ಕೆಂಪು ಗೋಡೆಯೇ ಸಾಕು ಎಂದುಕೊಂಡೆ. ಆಟದಲ್ಲಿ ಒಂದು ಇಂಚು ಅಂದರೆ ಐದು ಅಡಿ. ಒಂದೂಕಾಲು ಅಡಿ ಉದ್ದದ ಚಿರೇಕಲ್ಲು ಆ ಲೆಕ್ಕದಲ್ಲಿ ಕಾಲಿಂಚು ಆಗಬೇಕು, ಆದರೆ ಅಷ್ಟು ಸಣ್ಣದು ಬಣ್ಣದಲ್ಲಿ ಮುಚ್ಚಿಹೋಗುತ್ತದೆ. ಒಂದು ಸೆಂಟಿಮೀಟರ್ ಇಟ್ಟೆ. ಖಾಲಿ ಬಾಲ್ ಪೆನ್ನಿಂದ ಕಲ್ಲಿನ ಗೆರೆ ಒತ್ತಿ, ತಂತಿ ಬ್ರಷ್ಷಲ್ಲಿ ಚುಚ್ಚಿ, ಮೇಲೆ ಒಂದು ಲೇಪ. ಎರಡು ಚಮಚ ವಾಲ್ ಪುಟ್ಟಿ, ಒಂದು ಚಮಚ ಫೆವಿಕಾಲ್, ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗುವಷ್ಟು ನೀರು. ಬಳಿಯಬಾರದು, ಬ್ರಷ್ಷಿನ ತುದಿಯಿಂದ ಕುಟ್ಟಬೇಕು, ಇಲ್ಲದಿದ್ದರೆ ತೂತೆಲ್ಲ ತುಂಬಿಹೋಗುತ್ತದೆ. ನಿಜವಾದ ಚಿರೇಕಲ್ಲೂ ಮೆತ್ತಗಿರುವಾಗಲೇ ಕಡಿಸಿಕೊಂಡು ಗಾಳಿಗೆ ಗಟ್ಟಿಯಾಗುವ ಕಲ್ಲು, ನನ್ನದೂ ಎರಡು ದಿನಕ್ಕೆ ಟಕ್ ಟಕ್ ಅನ್ನುವಷ್ಟಾಯ್ತು. ಮೇಲೆ ಕಪ್ಪು, ಅದರ ಮೇಲೆ ಇಟ್ಟಿಗೆ ಕೆಂಪು, ಕೊನೆಗೆ ಒಣ ಬ್ರಷ್ಷಿಗೆ ಒಂಚೂರು ಕಿತ್ತಳೆ ಹಿಡಿಸಿ ಉಬ್ಬಿನ ಮೇಲೆ ಮಾತ್ರ ಸವರಿದೆ. ಬಣ್ಣ ಅಂದರೆ ಗೋಡೆಗೆ ಹೊಡೆಯುವ ಎಮಲ್ಷನ್, ಮನೆಯಲ್ಲಿ ಉಳಿದಿದ್ದು, ಅದಕ್ಕೆ ಸ್ಟೇನರ್ ಎನ್ನುವ, ಬಣ್ಣಕ್ಕೆ ಬಣ್ಣ ಬೆರೆಸುವ ಬಾಟಲಿಯ ನಾಲ್ಕು ಹನಿ.

ಸ್ಪ್ರೇ ಡಬ್ಬಿ ಮಾತ್ರ ಹತ್ತಿರ ತರಬೇಡಿ. ಅದರ ದ್ರಾವಕಕ್ಕೆ ಥರ್ಮಾಕೋಲ್ ಕರಗುತ್ತದೆ. ಇದು ಗೊತ್ತಿತ್ತು, ಆದರೂ ಮೋಸ ಹೋದೆ, ಬೇರೆ ದಾರಿಯಲ್ಲಿ. ಮಳೆಗಾಲಕ್ಕೆ ಹುಳ ಬೀಳದಿರಲಿ ಅಂತ ಕೋಟೆಯನ್ನಿಟ್ಟ ಪೆಟ್ಟಿಗೆಯೊಳಗೆ ಡಾಂಬರ್ ಗುಳಿಗೆ ಹಾಕಿ ಮುಚ್ಚಿಟ್ಟೆ. ತಿಂಗಳು ಬಿಟ್ಟು ತೆಗೆದರೆ, ಬಣ್ಣ ಹಚ್ಚದೇ ಬಿಟ್ಟಿದ್ದ ಅಡಿಭಾಗ ಗುಳಿಗೆ ತಾಗಿದ ಕಡೆಯೆಲ್ಲ ಕರಗಿ ಅಂಟು ಅಂಟು. ಒಂದು ಬುರುಜು ಪೂರ್ತಿ ಹೋಯ್ತು.

ಮಿಕ್ಕ ಸಾಮಾನೆಲ್ಲ ಹಿತ್ತಿಲಿನದ್ದೇ. ರಟ್ಟಿನ ಪೆಟ್ಟಿಗೆಯ ಮೇಲಿನ ಕಾಗದ ನೆನೆಸಿ ಕಿತ್ತರೆ ಒಳಗಿನ ಅಲೆ ಅಲೆ ಹಾಳೆ ಹಂಚಿನ ಮಾಡಾಗುತ್ತದೆ. ರಟ್ಟಿಗೆ ಎರಡೂ ಕಡೆ ಬಣ್ಣ ಹಚ್ಚಿ, ಇಲ್ಲದಿದ್ದರೆ ಜೂನ್‌ನಲ್ಲಿ ಬಿಲ್ಲಿನ ಹಾಗೆ ಬಾಗುತ್ತದೆ. ಹಿಡಿಕಡ್ಡಿಯಿಂದ ಬೇಲಿ, ಬೇಲಿಗೆ ಬಾಗಿಲಿನಂಥ ದಣಪೆ. ಶಿರಸಿಯವನಿಗೆ ಅಡಿಕೆ ಹಾಳೆ ತಾ ಎಂದರೆ "ಎಂತಕ್ಕೆ ಮಾರಾಯಾ, ಊಟಕ್ಕೆ ಜನ ಬರ್ತಾರಾ?" ಎಂದು ನಕ್ಕ. ಅದನ್ನು ಒದ್ದೆಯಲ್ಲೇ ಪಟ್ಟಿ ಕತ್ತರಿಸಿ, ಪುಸ್ತಕದಡಿ ಒಣಗಿಸಿದರೆ ಉದ್ದುದ್ದ ಗೆರೆಯ ಹಲಗೆ, ದೋಣಿಗೆ ಹೇಳಿ ಮಾಡಿಸಿದ್ದು. ಮುಂದಿನ ಸಲ ಅವನೇ ಹೇಳದೆ ಕೇಳದೆ ಕಟ್ಟಿಗೆ ರಾಶಿಯಿಂದ ಮತ್ತಿ ಮರದ ತೊಗಟೆ ತಂದ. ಮೊಸಳೆ ಚರ್ಮದ ಹಾಗೆ ಸೀಳಿದ್ದು. ಕಪ್ಪು ಬಳಿದು ನಿಲ್ಲಿಸಿದರೆ ಯಾಣದ ಬಂಡೆ. ಪೈನ್ ತೊಗಟೆಗಿಂತ ಜಾಸ್ತಿ ಚೆಂದ ಅಂತ ನನ್ನ ಅಭಿಪ್ರಾಯ, ಪೈನ್ ತೊಗಟೆಯನ್ನು ನಾನು ಕೈಯಲ್ಲಿ ಹಿಡಿದೇ ಇಲ್ಲ ಅನ್ನುವುದು ಬೇರೆ ಮಾತು.

ಮರಳು ಸಮುದ್ರದ್ದಾದರೆ ಸಿಹಿನೀರಲ್ಲಿ ಮೂರು ಸಲ ತೊಳೆಯಲೇಬೇಕು. ನಾನು ಒಂದೇ ಸಲ ತೊಳೆದಿದ್ದೆ. ಮಳೆ ಹಿಡಿಯುತ್ತಿದ್ದಂತೆ ಉಪ್ಪು ಒದ್ದೆ ಎಳೆದು, ಬಣ್ಣ ಬಿಟ್ಟುಕೊಂಡು ಬಿಳಿ ಬಿಳಿ ಕಲೆ ಬಂತು. ಕಾಡಿನ ತರಗೆಲೆಗೆ ಚಹಾ ಚರಟ ಒಳ್ಳೇದು, ಆದರೆ ಹುರಿದು ಒಣಗಿಸಿ, ಇಲ್ಲದಿದ್ದರೆ ಬೂಷ್ಟು.

ಇಷ್ಟಕ್ಕೆಲ್ಲ ನನ್ನ ಕೈಯಿಂದ ಹೋಗಿದ್ದು 340 ರೂಪಾಯಿ, ಅದರಲ್ಲಿ ಹೆಚ್ಚಿನದು ಫೆವಿಕಾಲ್ ಮತ್ತು ಕಟರ್ ಬ್ಲೇಡು. ಈಗ ಕೋಟೆಯ ಕೆಳಗೆ ಕಾಳಿ ನದಿ ಮಾಡುವ ಆಸೆ. ನೀಲಿ ಬಳಿದ ತಟ್ಟೆಗೆ ಫೆವಿಕಾಲ್ ಹೊಯ್ದೆ, ಅವಸರಕ್ಕೆ ದಪ್ಪಗೇ ಹೊಯ್ದೆ. ತೆಳ್ಳಗೆ ಪದರ ಪದರವಾಗಿ ಹಾಕಿದ್ದರೆ ಗಾಜಿನಂತಾಗುತ್ತಿತ್ತು. ಹನ್ನೆರಡು ದಿನ ಆಯ್ತು, ಹೊರಗೆ ಒಂದೇ ಸಮ ಮಳೆ, ನದಿ ಇನ್ನೂ ಹಾಲಿನ ಹಾಗೆ ಬೆಳ್ಳಗೇ ಇದೆ. ಚೌತಿ ಕಳೆದು ಬಿಸಿಲು ಬಿದ್ದ ಮೇಲೆ ನೋಡಬೇಕು.