ಸಂಜೆ ಚಹಾಕ್ಕೆ ಡ್ರಾಪ್ ಸ್ಕೋನ್: ಸ್ಕಾಟ್ಲೆಂಡಿನ ಪುಟ್ಟ ಪ್ಯಾನ್‌ಕೇಕ್ ಮನೆಯಲ್ಲೇ ಮಾಡಿ

ದೋಸೆ ಹುಯ್ಯಲು ಬರುವವರಿಗೆ ಡ್ರಾಪ್ ಸ್ಕೋನ್ ಅರ್ಧ ಬಂದ ಹಾಗೆಯೇ. ಓವನ್ ಬೇಡ, ಅಚ್ಚು ಬೇಡ, ಹಿಟ್ಟು ಹುದುಗಲಿ ಎಂದು ರಾತ್ರಿಯಿಡೀ ಕಾಯುವುದೂ ಬೇಡ. ಒಂದು ದಪ್ಪ ಕಾವಲಿ, ಒಂದು ಚಮಚ, ಅರ್ಧ ಗಂಟೆ ಸಮಯ ಇದ್ದರೆ ಸಾಕು. ನೆಂಟರು ಬಂದು ಕೂತ ಮೇಲೆ ಹಿಟ್ಟು ಕಲಸಲು ಶುರು ಮಾಡಿದರೂ ಚಹಾ ಸೋಸುವ ಹೊತ್ತಿಗೆ ಮೊದಲ ತಟ್ಟೆ ತಯಾರಾಗಿರುತ್ತದೆ.

ಇದು ಅಂಗೈಗಿಂತ ಚಿಕ್ಕದು. ಆರೇಳು ಸೆಂಟಿಮೀಟರ್ ಅಗಲ, ಮೆತ್ತಗೆ, ತುಸು ಸಿಹಿ. ಸ್ಕಾಟ್ಲೆಂಡಿನಲ್ಲಿ ಸುಮ್ನೆ ಪ್ಯಾನ್‌ಕೇಕ್ ಅಂದರೆ ಸಾಮಾನ್ಯವಾಗಿ ಇದೇ. ಇಂಗ್ಲೆಂಡಿನವರು ಸ್ಕಾಚ್ ಪ್ಯಾನ್‌ಕೇಕ್ ಅಥವಾ ಡ್ರಾಪ್ ಸ್ಕೋನ್ ಎನ್ನುತ್ತಾರೆ. ಹಿಟ್ಟನ್ನು ಚಮಚದಿಂದ ಕಾವಲಿಯ ಮೇಲೆ ಬೀಳಿಸುವುದರಿಂದ ಡ್ರಾಪ್ ಎಂಬ ಹೆಸರು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಇದನ್ನೇ ಪೈಕ್‌ಲೆಟ್ ಎಂದು ಕರೆಯುತ್ತಾರೆ. ಆದರೆ ಇಂಗ್ಲೆಂಡಿನ ಕೆಲವು ಕಡೆ ಪೈಕ್‌ಲೆಟ್ ಕೇಳಿದರೆ ಈಸ್ಟ್ ಹಾಕಿದ, ತೂತು ತೂತಾದ ಬೇರೆಯೇ ತಿಂಡಿ ಸಿಗುತ್ತದೆ. ಇನ್ನು ಕ್ರೈಸ್ತರ ಲೆಂಟ್ ಉಪವಾಸದ ಹಿಂದಿನ ದಿನ, ಶ್ರೋವ್ ಟ್ಯೂಸ್‌ಡೇಯಂದು ಮಾಡುವ ಪ್ಯಾನ್‌ಕೇಕ್ ನಮ್ಮ ನೀರುದೋಸೆಯ ಹಾಗೆ ತೆಳ್ಳಗೆ, ದೊಡ್ಡದಾಗಿರುತ್ತದೆ. ಅದಕ್ಕೆ ನಿಂಬೆರಸ, ಸಕ್ಕರೆ ಹಾಕಿ ತಿನ್ನುತ್ತಾರೆ. ನಾವು ಈಗ ಮಾಡುತ್ತಿರುವುದು ಅದಲ್ಲ.

ಏನೇನು ಬೇಕು

ಸುಮಾರು 14–15 ಡ್ರಾಪ್ ಸ್ಕೋನ್‌ಗೆ ಈ ಅಳತೆ: ಮೈದಾ 125 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಚಿಟಿಕೆ ಉಪ್ಪು, ಪುಡಿ ಸಕ್ಕರೆ 25 ಗ್ರಾಂ, ಮೊಟ್ಟೆ ಒಂದು, ಹಾಲು 125 ಮಿಲಿ, ಕರಗಿಸಿದ ಬೆಣ್ಣೆ ಒಂದು ದೊಡ್ಡ ಚಮಚ. ಹಾಲು, ಮೊಟ್ಟೆ ಎರಡನ್ನೂ ಮೊದಲೇ ಫ್ರಿಜ್‌ನಿಂದ ಹೊರಗೆ ತೆಗೆದಿಡಿ. ತಣ್ಣನೆಯ ಹಾಲಿಗೆ ಕರಗಿದ ಬೆಣ್ಣೆ ಹಾಕಿದರೆ ಅದು ತಕ್ಷಣ ಗಟ್ಟಿಯಾಗಿ ಚೂರು ಚೂರಾಗುತ್ತದೆ.

ಬ್ರಿಟನ್ನಿನ ಮನೆಗಳಲ್ಲಿ ಮೈದಾ, ಬೇಕಿಂಗ್ ಪೌಡರ್ ಬೇರೆ ಬೇರೆ ಅಳೆಯುವುದು ಕಡಿಮೆ. ಎರಡೂ ಬೆರೆಸಿಯೇ ಮಾರುವ ಸೆಲ್ಫ್ ರೈಸಿಂಗ್ ಹಿಟ್ಟು ಅಲ್ಲಿ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. 1845ರಲ್ಲಿ ಅದಕ್ಕೆ ಪೇಟೆಂಟ್ ಪಡೆದವರು ಬ್ರಿಸ್ಟಲ್‌ನ ಹೆನ್ರಿ ಜೋನ್ಸ್. ಅದಕ್ಕೂ ಎರಡು ವರ್ಷ ಮುಂಚೆ, 1843ರಲ್ಲಿ, ಬರ್ಮಿಂಗ್‌ಹ್ಯಾಮ್‌ನ ಆಲ್‌ಫ್ರೆಡ್ ಬರ್ಡ್ ಈಸ್ಟ್ ಒಗ್ಗದ ತಮ್ಮ ಹೆಂಡತಿಗಾಗಿ ಬೇಕಿಂಗ್ ಪೌಡರ್ ತಯಾರಿಸಿದ್ದರು. ಹೆಂಡತಿಗೆ ಮೆತ್ತಗಿನ ಬ್ರೆಡ್ ತಿನ್ನಿಸಬೇಕೆಂದು ಒಬ್ಬರು ಪಟ್ಟ ಕಷ್ಟ ಇವತ್ತು ನಮ್ಮ ಅಡುಗೆಮನೆಯ ಡಬ್ಬಿಯಲ್ಲಿದೆ. ನನಗೆ ಈ ಕಥೆ ತುಂಬಾ ಇಷ್ಟ. ಆ ಡಬ್ಬಿ ಹಳೆಯದಾಗಿದ್ದರೆ ಮಾತ್ರ ಒಮ್ಮೆ ಪರೀಕ್ಷಿಸಿ. ಬಿಸಿನೀರಿಗೆ ಅರ್ಧ ಚಮಚ ಹಾಕಿ ನೋಡಿ. ಬುಸುಗುಟ್ಟಿ ನೊರೆ ಬರಬೇಕು. ಬರದಿದ್ದರೆ ಹೊಸದು ತನ್ನಿ, ಅದನ್ನು ಹಾಕಿ ಪ್ರಯೋಜನವಿಲ್ಲ.

ಹಿಟ್ಟು ಕಲಸುವುದು

ಮೈದಾ, ಬೇಕಿಂಗ್ ಪೌಡರ್, ಉಪ್ಪು ಮೂರನ್ನೂ ಒಟ್ಟಿಗೆ ಜರಡಿ ಹಿಡಿಯಿರಿ. ಬೇರೆ ಬಟ್ಟಲಿನಲ್ಲಿ ಮೊಟ್ಟೆ, ಸಕ್ಕರೆ ಹಾಕಿ ಬಣ್ಣ ತಿಳಿಯಾಗುವವರೆಗೆ ಚೆನ್ನಾಗಿ ಕಡೆಯಿರಿ. ಅದಕ್ಕೆ ಹಾಲು, ಬೆಣ್ಣೆ ಸೇರಿಸಿ. ಈಗ ಮೈದಾದ ನಡುವೆ ಗುಳಿ ಮಾಡಿ ಇದನ್ನು ಹುಯ್ದು, ಹಗುರವಾಗಿ ಕಲಸಿ.

ಎಷ್ಟು ಕಲಸಬೇಕು? ಇಲ್ಲಿ ಒಂದು ದೊಡ್ಡವರ ಮನೆಯ ಅಭಿಪ್ರಾಯವೇ ಬೇರೆ ಇದೆ. 1959ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸ್ಕಾಟ್ಲೆಂಡಿನ ಬಾಲ್ಮೋರಲ್ ಕೋಟೆಗೆ ಅತಿಥಿಯಾಗಿ ಬಂದಿದ್ದರು. ಡ್ರಾಪ್ ಸ್ಕೋನ್ ಮಾಡುವ ವಿಧಾನ ಕಳಿಸುತ್ತೇನೆ ಎಂದು ರಾಣಿ ಎರಡನೇ ಎಲಿಜಬೆತ್ ಆಗ ಅವರಿಗೆ ಮಾತು ಕೊಟ್ಟಿದ್ದರು. ಅದು ಹಾಗೇ ಉಳಿದುಹೋಯಿತು. ಮುಂದೆ ಒಂದು ದಿನ, ಐಸೆನ್‌ಹೋವರ್ ಬಾರ್ಬೆಕ್ಯೂ ಮುಂದೆ ನಿಂತಿರುವ ಫೋಟೊ ಪತ್ರಿಕೆಯಲ್ಲಿ ಕಂಡಾಗ ರಾಣಿಗೆ ನೆನಪಾಯಿತು. 1960ರ ಜನವರಿ 24ರಂದು ಪತ್ರ ಬರೆದು, ಜೊತೆಗೆ ಅಳತೆಯನ್ನೂ ಕಳಿಸಿದರು. ನಾಲ್ಕು ಟೀ ಕಪ್ ಹಿಟ್ಟು, ನಾಲ್ಕು ದೊಡ್ಡ ಚಮಚ ಸಕ್ಕರೆ, ಎರಡು ಕಪ್ ಹಾಲು, ಎರಡು ಮೊಟ್ಟೆ, ಎರಡು ಟೀ ಚಮಚ ಅಡುಗೆ ಸೋಡಾ, ಮೂರು ಟೀ ಚಮಚ ಕ್ರೀಮ್ ಆಫ್ ಟಾರ್ಟರ್ (ಸೋಡಾ ಜೊತೆ ಸೇರಿಸುವ ಹುಳಿ ಪುಡಿ), ಎರಡು ದೊಡ್ಡ ಚಮಚ ಕರಗಿಸಿದ ಬೆಣ್ಣೆ. ಇದು 16 ಜನಕ್ಕೆ ಎಂದು ಲೆಕ್ಕ. ಹಿಟ್ಟನ್ನು ತುಂಬಾ ಹೊತ್ತು ಕಡೆಯಬೇಕು, ಕಲಸಿದ ಮೇಲೆ ಜಾಸ್ತಿ ಹೊತ್ತು ಇಡಬಾರದು ಎಂದು ಅವರು ಬರೆದಿದ್ದಾರೆ.

ಎರಡನೇ ಮಾತು ನೂರಕ್ಕೆ ನೂರು ನಿಜ. ಸೋಡಾ ಮತ್ತು ಹುಳಿ ಸೇರಿದ ಕ್ಷಣದಿಂದ ಗುಳ್ಳೆ ಏಳಲು ಶುರುವಾಗುತ್ತದೆ. ಹಿಟ್ಟು ಸುಮ್ನೆ ಕೂತಷ್ಟೂ ಆ ಗಾಳಿ ಹೊರಟುಹೋಗುತ್ತದೆ. ಮೊದಲ ಮಾತನ್ನು ನಾನು ಅರ್ಧ ಮಾತ್ರ ಪಾಲಿಸುತ್ತೇನೆ. ಕಡೆಯುವುದೆಲ್ಲ ಮೊಟ್ಟೆ, ಸಕ್ಕರೆ ಹಂತದಲ್ಲೇ ಆಗಲಿ. ಮೈದಾ ಬಿದ್ದ ಮೇಲೆ ಜಾಸ್ತಿ ಕಡೆದರೆ ಅದರ ಅಂಟು ಬಿಟ್ಟುಕೊಂಡು ಪ್ಯಾನ್‌ಕೇಕ್ ರಬ್ಬರಿನ ಹಾಗಾಗುತ್ತದೆ. ಸಣ್ಣಪುಟ್ಟ ಗಂಟು ಉಳಿದರೂ ಪರವಾಗಿಲ್ಲ, ಬೇಯುವಾಗ ಕರಗುತ್ತವೆ.

ಹದ ನಮ್ಮ ಭಾಷೆಯಲ್ಲಿ ಹೇಳುವುದಾದರೆ, ದೋಸೆ ಹಿಟ್ಟಿಗಿಂತ ಗಟ್ಟಿ, ಇಡ್ಲಿ ಹಿಟ್ಟಿಗಿಂತ ತುಸು ತೆಳು. ಚಮಚ ಎತ್ತಿದರೆ ಧಾರೆಯಾಗಿ ಹರಿಯಬಾರದು, ದಪ್ಪಗೆ ಜಾರಿ ಬೀಳಬೇಕು. ಗಟ್ಟಿ ಅನ್ನಿಸಿದರೆ ಒಂದೆರಡು ಚಮಚ ಹಾಲು ಸೇರಿಸಿ.

ಮೊಟ್ಟೆ ತಿನ್ನದವರು ಹಾಲು, ಮೊಟ್ಟೆಯ ಬದಲು 100 ಮಿಲಿ ಮೊಸರಿಗೆ 75 ಮಿಲಿ ಹಾಲು ಬೆರೆಸಿ ಕಡೆದುಕೊಳ್ಳಿ. ಬೇಕಿಂಗ್ ಪೌಡರ್ ಒಂದು ಟೀ ಚಮಚಕ್ಕೆ ಇಳಿಸಿ, ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿ. ಉಬ್ಬುವುದು ಸ್ವಲ್ಪ ಕಡಿಮೆ, ರುಚಿಗೆ ಕೊರತೆಯಿಲ್ಲ. ಮಜ್ಜಿಗೆ, ಸೋಡಾ ಹಾಕಿ ಮಾಡುವ ಪದ್ಧತಿ ಸ್ಕಾಟ್ಲೆಂಡಿನಲ್ಲೂ ಹಳೆಯದೇ.

ಕಾವಲಿಯೇ ಮುಖ್ಯ

ಅಳತೆ ಒಂದಿಷ್ಟು ಹೆಚ್ಚುಕಮ್ಮಿ ಆದರೂ ತಿನ್ನಬಹುದು. ಕಾವು ತಪ್ಪಿದರೆ ಆಗುವುದಿಲ್ಲ. ನಾನು ಮೊದಲ ಸಲ ಮಾಡಿದಾಗ ದೋಸೆಗೆ ಇಡುವಷ್ಟೇ ಉರಿ ಇಟ್ಟಿದ್ದೆ. ಅರ್ಧ ನಿಮಿಷದಲ್ಲಿ ತಳ ಕಪ್ಪಾಯಿತು, ಮುರಿದು ನೋಡಿದರೆ ಒಳಗೆ ಹಸಿ ಹಿಟ್ಟು. ದೋಸೆ ತೆಳು, ಅದಕ್ಕೆ ಜೋರು ಕಾವು ಬೇಕು. ಇದು ದಪ್ಪ, ಇದಕ್ಕೆ ನಿಧಾನದ ಕಾವು ಬೇಕು.

ಸ್ಕಾಟ್ಲೆಂಡಿನಲ್ಲಿ ಇದಕ್ಕೆಂದೇ ಗರ್ಡಲ್ ಇತ್ತು. ಚಪ್ಪಟೆ ಕಬ್ಬಿಣದ ದುಂಡನೆಯ ತಟ್ಟೆ, ಮೇಲೆ ಕಮಾನಿನಂಥ ಹಿಡಿ. ಒಲೆಯ ಬೆಂಕಿಯ ಮೇಲೆ ಅದನ್ನು ನೇತುಹಾಕುತ್ತಿದ್ದರು. ಕಾವು ನೋಡಲು ಅದರ ಮೇಲೆ ಚಿಟಿಕೆ ಹಿಟ್ಟು ಉದುರಿಸುತ್ತಿದ್ದರು. ನೀವೂ ಹಾಗೇ ಮಾಡಿ. ಹಿಟ್ಟು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿದರೆ ಹದ ಸರಿ. ಬಿದ್ದ ಕೂಡಲೇ ಕಪ್ಪಾದರೆ ಉರಿ ಇಳಿಸಿ, ಒಂದೆರಡು ನಿಮಿಷ ಬಿಡಿ. ಆಮೇಲೆ ಆ ಹಿಟ್ಟನ್ನು ಒರೆಸಿ ತೆಗೆಯಿರಿ.

ನಮ್ಮ ಬೀಡು ಕಬ್ಬಿಣದ ಕಾವಲಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಕಾವಲಿಗೆ ಈರುಳ್ಳಿ ಉಜ್ಜುವ ಅಭ್ಯಾಸ ಇದೆ ಅಲ್ವಾ, ಅದನ್ನು ಇವತ್ತು ಬಿಡಿ. ಸಿಹಿ ತಿಂಡಿಗೆ ಆ ವಾಸನೆ ಹತ್ತುತ್ತದೆ. ಬಟ್ಟೆಯ ತುದಿಯನ್ನು ಬೆಣ್ಣೆಯಲ್ಲಿ ಅದ್ದಿ ಸವರಿ, ಮಿಕ್ಕಿದ್ದನ್ನು ಒರೆಸಿಬಿಡಿ. ಕಾವಲಿಯ ಮೇಲೆ ಜಿಡ್ಡು ನಿಂತರೆ ಬಣ್ಣ ಮಚ್ಚೆ ಮಚ್ಚೆಯಾಗಿ ಬರುತ್ತದೆ. ಒಣಗಿದಂತೆ ಕಾಣುವ ಕಾವಲಿಯಲ್ಲೇ ಒಂದೇ ಸಮನಾದ ಜೇನುಬಣ್ಣ ಬರುವುದು.

ಈಗ ಒಂದು ದೊಡ್ಡ ಚಮಚ ಹಿಟ್ಟು ತೆಗೆದುಕೊಂಡು, ಚಮಚದ ತುದಿ ನೇರ ಕೆಳಗೆ ಬರುವಂತೆ ಹಿಡಿದು ಬೀಳಿಸಿ. ತುದಿಯಿಂದ ಬಿದ್ದರೆ ದುಂಡಗೆ, ಪಕ್ಕದಿಂದ ಬಿದ್ದರೆ ಮೊಟ್ಟೆಯಾಕಾರ. ಹರಡಲು ಹೋಗಬೇಡಿ, ತಾನಾಗಿ ಹರಡುತ್ತದೆ. ಮೊದಲು ಒಂದನ್ನೇ ಹಾಕಿ ಕಾವು ನೋಡಿ, ಆಮೇಲೆ ಮೂರು ನಾಲ್ಕು ಒಟ್ಟಿಗೆ ಹಾಕಬಹುದು. ಮುಚ್ಚಳ ಮುಚ್ಚಬೇಡಿ.

ಸುಮಾರು ಎರಡು ನಿಮಿಷಕ್ಕೆ ಮೇಲೆ ಗುಳ್ಳೆ ಏಳುತ್ತವೆ. ಗುಳ್ಳೆ ಕಂಡ ಕೂಡಲೇ ಮಗುಚುವುದೇ ಎಲ್ಲರೂ ಮಾಡುವ ತಪ್ಪು. ಗುಳ್ಳೆಗಳು ಒಡೆಯಲಿ. ಒಡೆದ ತೂತು ಮತ್ತೆ ಮುಚ್ಚಿಕೊಂಡರೆ ಹಿಟ್ಟು ಇನ್ನೂ ಹಸಿ ಎಂದರ್ಥ. ತೂತು ಹಾಗೇ ಉಳಿದು, ಅಂಚಿನ ಹೊಳಪು ಹೋದಾಗ ಮಗುಚಿ. ಎರಡನೇ ಬದಿಗೆ ಒಂದು ನಿಮಿಷ ಸಾಕು. ಕೈಯಿಂದ ಒತ್ತಬೇಡಿ, ಒತ್ತಿದರೆ ಇಷ್ಟು ಹೊತ್ತು ಕಾಪಾಡಿದ ಗಾಳಿಯೆಲ್ಲ ಹೋಗುತ್ತದೆ. ಒಂದು ಸಲ ಮಗುಚಿದರೆ ಮುಗಿಯಿತು, ಮತ್ತೆ ತಿರುವಿ ಹಾಕಬೇಡಿ.

ಬೆಂದದ್ದನ್ನು ತಟ್ಟೆಗೆ ಹಾಕಿ ಬಿಡಬಾರದು. ಚಪಾತಿಗೆ ಮಾಡುವ ಹಾಗೆ ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಒಳಗಿನ ಹಬೆಗೆ ಮೇಲ್ಪದರ ಮೆತ್ತಗಾಗುತ್ತದೆ. ಸ್ಕಾಟ್ಲೆಂಡಿನ ಅಡುಗೆಮನೆಗಳಲ್ಲೂ ಇದೇ ಕ್ರಮ.

ಯಾವುದರ ಜೊತೆ

ಅಲ್ಲಿ ಬೆಣ್ಣೆ, ರಾಸ್‌ಬೆರಿ ಜಾಮ್ ಜೊತೆ ತಿನ್ನುತ್ತಾರೆ. ಅಮೆರಿಕದವರ ಹಾಗೆ ಒಂದರ ಮೇಲೊಂದು ಪೇರಿಸಿ, ಮೇಲಿಂದ ಸಿರಪ್ ಸುರಿದು ಬೆಳಗಿನ ತಿಂಡಿಗೆ ತಿನ್ನುವುದಲ್ಲ ಇದು. ಒಂದೊಂದಾಗಿ ಕೈಯಲ್ಲಿ ಹಿಡಿದು, ಬೆಣ್ಣೆ ಸವರಿ, ನಡುನಡುವೆ ಚಹಾ ಗುಟುಕರಿಸುತ್ತಾ ತಿನ್ನುವುದು. ಬಿಸಿಯೂ ಚೆನ್ನ, ಆರಿದ ಮೇಲೂ ಚೆನ್ನ.

ರಾಣಿಯ ಪತ್ರದಲ್ಲಿ ಇನ್ನೊಂದು ಸಲಹೆ ಇದೆ. ಬರೀ ಸಕ್ಕರೆಯ ಬದಲು ಗೋಲ್ಡನ್ ಸಿರಪ್ ಅಥವಾ ಟ್ರೀಕಲ್ ಹಾಕಿಯೂ ಮಾಡಿದ್ದೇನೆ, ಅದೂ ತುಂಬಾ ಚೆನ್ನಾಗಿರುತ್ತದೆ ಎಂದು ಅವರು ಬರೆದಿದ್ದಾರೆ. ಗೋಲ್ಡನ್ ಸಿರಪ್ ಅಂದರೆ ಸಕ್ಕರೆ ಶುದ್ಧ ಮಾಡುವಾಗ ಉಳಿಯುವ ಹೊಂಬಣ್ಣದ ಪಾಕ, ಟ್ರೀಕಲ್ ಅಂದರೆ ಅದೇ ಥರದ ಕಪ್ಪು ಪಾಕ. ಇದನ್ನು ಓದಿದ ಮೇಲೆ ನಾನು ಮಲೆನಾಡಿನ ಜೋನಿಬೆಲ್ಲ ಹಾಕಿ ಮಾಡಿ ನೋಡಿದೆ. ಹಿಟ್ಟಿಗೆ ಸಕ್ಕರೆ ಅರ್ಧ ಮಾಡಿ, ಒಂದು ದೊಡ್ಡ ಚಮಚ ಜೋನಿಬೆಲ್ಲ ಸೇರಿಸಿದೆ. ಬಣ್ಣ ಬೇಗ ಏರುತ್ತದೆ, ಹಾಗಾಗಿ ಉರಿ ಇನ್ನೂ ಸಣ್ಣಗಿರಬೇಕು. ಬೆಣ್ಣೆ ಸವರಿದ ಡ್ರಾಪ್ ಸ್ಕೋನ್ ಮೇಲೆ ಇನ್ನೊಂದು ಹನಿ ಜೋನಿಬೆಲ್ಲ ಬಿಟ್ಟು ತಿಂದಾಗ, ನಮ್ಮ ಮನೆಯಲ್ಲಿ ಜಾಮ್ ಬಾಟಲಿಯನ್ನು ಯಾರೂ ಮುಟ್ಟಲಿಲ್ಲ.

ಉಳಿದರೆ ಡಬ್ಬಿಗೆ ಹಾಕಿ ಮುಚ್ಚಿಡಿ. ಮರುದಿನ ಬೆಳಿಗ್ಗೆ ಸಣ್ಣ ಉರಿಯಲ್ಲಿ, ಒಣ ಕಾವಲಿಯ ಮೇಲೆ ಎರಡೂ ಬದಿ ಅರ್ಧರ್ಧ ನಿಮಿಷ ಬಿಸಿ ಮಾಡಿ ತಿನ್ನಿ. ಹಿಟ್ಟು ಉಳಿದರೆ ಮಾತ್ರ ಇಡಬೇಡಿ, ಎಲ್ಲವನ್ನೂ ಅಂದೇ ಹುಯ್ದು ಮುಗಿಸಿ.