ತುಂಗಭದ್ರಾ ಹಿನ್ನೀರಿನ ಮೀನು: ಡಿಎನ್‌ಎ ಮಾದರಿ ಕೆಡುವುದು ದಂಡೆಯಲ್ಲೇ

ಜಲಾಶಯದ ಮೀನುಗಳ ಜಾತಿ, ತಳಿವೈವಿಧ್ಯ ತಿಳಿಯಲು ಮುನಿರಾಬಾದ್ ಕಡೆಯ ದಂಡೆಯಲ್ಲಿ ಡಿಎನ್‌ಎ ಮಾದರಿ ತೆಗೆಯುವುದಾದರೆ ನಸುಕಿಗೇ ಹೋಗಬೇಕು. ಬಿಸಿಲೇರಿದ ಮೇಲೆ ಬುಟ್ಟಿಯಲ್ಲಿ ಉಳಿದ ಮೀನಿನ ಡಿಎನ್‌ಎ ತುಂಡಾಗತೊಡಗಿರುತ್ತದೆ. ಹರಿಗೋಲು ದಡ ಮುಟ್ಟಿದೊಡನೆ ನಾವು ಕೇಳುವುದು ಬಲೆಯ ಕಣ್ಣಿನ ಅಳತೆ. ದೊಡ್ಡ ಕಣ್ಣಿನ ಬಲೆಯನ್ನಷ್ಟೇ ನೋಡಿದರೆ ಕಾಟ್ಲಾ, ರೋಹು, ಬಾಳೆಮೀನು ಲೆಕ್ಕಕ್ಕೆ ಸಿಗುತ್ತವೆ, ಬೆರಳುದ್ದದ ಜಾತಿಗಳು ಜಲಾಶಯದಲ್ಲಿ ಇಲ್ಲವೇ ಇಲ್ಲ ಎಂಬಂತಾಗುತ್ತದೆ.

ಸ್ಕೇಲು ಇಟ್ಟು ಎಡಮಗ್ಗುಲ ಫೋಟೊ, ಆಮೇಲೆ ಬಲಬದಿಯ ಈಜುರೆಕ್ಕೆಯಿಂದ ಅರ್ಧ ಸೆಂ.ಮೀ. ಚೂರು. ಇಷ್ಟಕ್ಕೆ ಮಾರುವವರ ತಕರಾರಿರುವುದಿಲ್ಲ. ಮಾಂಸ ಕೇಳಿದರೆ ಇಡೀ ಮೀನಿನ ದುಡ್ಡು ಎಣಿಸಬೇಕು. 2 ಮಿ.ಲೀ. ಟ್ಯೂಬಿನಲ್ಲಿ 95% ಎಥನಾಲ್. ಚೂರು ಅದರ ಹತ್ತರಲ್ಲೊಂದು ಪಾಲು ಮೀರಬಾರದು. ತುರುಕಿದರೆ ಚೂರಿನೊಳಗಿನ ನೀರೇ ಎಥನಾಲನ್ನು ತೆಳು ಮಾಡುತ್ತದೆ. ಮರುದಿನ ಎಥನಾಲ್ ಬದಲಿಸುತ್ತೇವೆ. ಫಾರ್ಮಲಿನ್ ಮುಟ್ಟುವುದಿಲ್ಲ, ಅದರಲ್ಲಿಟ್ಟ ಮೀನು ನೋಡಲು ಚೆನ್ನ, ಡಿಎನ್‌ಎಗೆ ನಿರುಪಯೋಗಿ. ಗುರುತಿನ ಸಂಖ್ಯೆ ಪೆನ್ಸಿಲ್‌ನಲ್ಲಿ ಬರೆದು ಚೀಟಿಯನ್ನು ಟ್ಯೂಬಿನೊಳಗೇ ಹಾಕಬೇಕು. ಒಂದು ಹನಿ ಸೋರಿದರೂ ಹೊರಗಿನ ಪೆನ್ನಿನ ಶಾಯಿ ಅಳಿಸಿಹೋಗುತ್ತದೆ. ಮೀನಿಂದ ಮೀನಿಗೆ ಕತ್ತರಿಯನ್ನು 10% ಬ್ಲೀಚ್‌ನಲ್ಲಿ ಅದ್ದಿ, ಶುದ್ಧ ನೀರಲ್ಲಿ ತೊಳೆದು, ಒರೆಸಬೇಕು. ಬರೀ ಸ್ಪಿರಿಟ್ ಒರೆಸಿದರೆ ಹಿಂದಿನ ಮೀನಿನ ಡಿಎನ್‌ಎ ಹೋಗುವುದಿಲ್ಲ.

ಜಾತಿ ಗುರುತಿಸಲು ಸಿಒಐ ಎಂಬ ಜೀನಿನ ಸುಮಾರು 650 ಡಿಎನ್‌ಎ ಅಕ್ಷರ ಓದಿಸಿದರೆ ಬಹುಪಾಲು ಸಾಕು. ಆದರೆ ಅದು ತಾಯಿಯಿಂದ ಮಾತ್ರ ಬರುವ ಡಿಎನ್‌ಎ. ಮೀನುಮರಿ ಉತ್ಪಾದಿಸುವ ಮರಿ ಕೇಂದ್ರದಲ್ಲಿ ಕಾಟ್ಲಾ–ರೋಹು ಬೆರೆತು ಹುಟ್ಟಿದ ಮಿಶ್ರತಳಿ, ತಾಯಿ ರೋಹು ಆಗಿದ್ದರೆ, ಅಪ್ಪಟ ರೋಹು ಎಂದೇ ಬರುತ್ತದೆ. ತಲೆ ಕಾಟ್ಲಾದಂತೆ ದಪ್ಪಗೆ ಕಂಡು ಫಲಿತಾಂಶ ರೋಹು ಎಂದರೆ ದಂಡೆಯಲ್ಲಿ ತೆಗೆದ ಫೋಟೊ ಮತ್ತೆ ನೋಡಿ, ತಂದೆ-ತಾಯಿ ಇಬ್ಬರಿಂದಲೂ ಬಂದ ಡಿಎನ್‌ಎ ನೋಡುವ ಮೈಕ್ರೋಸ್ಯಾಟಲೈಟ್ ಪರೀಕ್ಷೆಗೆ ಕಳಿಸಬೇಕು.

ತಳಿವೈವಿಧ್ಯಕ್ಕೆ, ಅಂದರೆ ಒಂದೇ ಜಾತಿಯ ಮೀನುಗಳ ಡಿಎನ್‌ಎಯಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಅಳೆಯಲು, ಒಂದು ಜಾತಿಗೆ 30ರಿಂದ 50 ಮೀನು ಬೇಕು, ಅವೂ ಒಂದೇ ಬಲೆಯವಲ್ಲ. ಜಲಾಶಯಕ್ಕೆ ತಂದು ಬಿಟ್ಟ ಮರಿಗಳು ಒಂದೇ ತಾಯಿಯ ಮಕ್ಕಳಾಗಿರಬಹುದು. ಒಂದೇ ಗಾತ್ರದ 40 ರೋಹು ತಂದರೆ ಅಳೆದದ್ದು ಒಂದು ಮನೆತನವನ್ನಷ್ಟೇ ಆಗಿರಬಹುದು. ಬೇರೆ ದಿನ, ಬೇರೆ ದಂಡೆ, ಬೇರೆ ಗಾತ್ರ: ತುಂಬಿದಾಗ ಸುಮಾರು 378 ಚದರ ಕಿ.ಮೀ. ಹರಡುವ ನೀರು ಇದು. ಅದೂ ಅಲ್ಲದೆ ಕಾಟ್ಲಾ, ರೋಹು, ಮೃಗಾಲ ಗಂಗೆಯ ಕಡೆಯವು. ಅವುಗಳ ವೈವಿಧ್ಯ ಹೇಳುವುದು ಮರಿ ಕೇಂದ್ರದ ತಾಯಿಮೀನುಗಳ ಕಥೆಯನ್ನೇ ಹೆಚ್ಚು. ಈ ಕೊಳ್ಳದ್ದೇ ಆದ ಕೆಮ್ಮೀನು ಬುಟ್ಟಿಯಲ್ಲಿ ಕಂಡರೆ ಮೊದಲ ಟ್ಯೂಬ್ ಅದಕ್ಕೆ.