ಹೊಲದ ಚುಕ್ಕೆ, ಡೇರಿ ಚುಕ್ಕೆ: ಪಹಣಿ ಹಿಡಿದು ದಶಮಾಂಶ ಕಲಿಸಿದ ನನ್ನ ಅನುಭವ

ಜೂನ್‌ನಿಂದ ದಸರಾ ರಜೆಯವರೆಗಿನ ಈ ಅವಧಿಯಲ್ಲಿ ನಮ್ಮ ಹಿರಿಯ ಪ್ರಾಥಮಿಕ ಶಾಲೆಯ ಆರು ಮತ್ತು ಏಳನೇ ತರಗತಿಯ 34 ಮಕ್ಕಳು ಗಣಿತದಲ್ಲಿ ಮುಖ್ಯವಾಗಿ ಕಲಿತದ್ದು ದಶಮಾಂಶ ಮತ್ತು ವಿಸ್ತೀರ್ಣ. ಪಠ್ಯಪುಸ್ತಕದ ಕ್ರಮವನ್ನು ಹಿಂದೆ ಮುಂದೆ ಮಾಡಿಕೊಂಡು, ಎರಡೂ ತರಗತಿಗಳನ್ನು ಒಟ್ಟಿಗೆ ಕೂರಿಸಿ, ಇವೆರಡನ್ನೇ ಎರಡೂವರೆ ತಿಂಗಳು ಎಳೆದಿದ್ದೇನೆ. ಹೀಗೆ ಎಳೆದದ್ದಕ್ಕೆ ಸಮಾಲೋಚನಾ ಸಭೆಯಲ್ಲಿ ಸಹೋದ್ಯೋಗಿಗಳಿಂದ ಸಾಕಷ್ಟು ಮಾತು ಕೇಳಿದ್ದೇನೆ. ಈಗ ಫಲ ಕೈಗೆ ಬಂದಿರುವುದರಿಂದ ಬರೆಯುವ ಧೈರ್ಯ ಬಂದಿದೆ.

ನಮ್ಮದು ತುಮಕೂರು ಜಿಲ್ಲೆಯ ರಾಗಿ, ಕಡಲೆಕಾಯಿಯ ಊರು. ಮಕ್ಕಳಿಗೆ ಎಕರೆ, ಗುಂಟೆ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಮೂರು ವರ್ಷದ ಹಿಂದೆ, ಪುಸ್ತಕದಲ್ಲಿರುವ ಚೌಕಗಳನ್ನು ಎಣಿಸುವ ಬದಲು ಪಹಣಿಯಿಂದಲೇ (ಜಮೀನಿನ ಒಡೆತನ, ವಿಸ್ತೀರ್ಣದ ದಾಖಲೆ) ಆರಂಭಿಸೋಣವೆಂದು ಹೊರಟೆ. ಹೆಸರು ಮತ್ತು ಸರ್ವೆ ನಂಬರಿನ ಮೇಲೆ ಕಾಗದ ಅಂಟಿಸಿ, ವಿಸ್ತೀರ್ಣದ ಕಾಲಂ ಮಾತ್ರ ಕಾಣುವಂತೆ ಜೆರಾಕ್ಸ್ ಮಾಡಿಸಿ ಹಂಚಿದೆ. ಪ್ರತಿಗೆ ಎರಡು ರೂಪಾಯಿಯಂತೆ ನೂರಿಪ್ಪತ್ತು ರೂಪಾಯಿಯೋ ಏನೋ ಆಯಿತು. ಒಟ್ಟು 3.05 (ಮೂರು ಎಕರೆ ಐದು ಗುಂಟೆ), ಅದರಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ 0.15, ಉಳಿದದ್ದು ಎಷ್ಟು ಎಂದು ಕೇಳಿದರೆ, ಪುಸ್ತಕದ ಲೆಕ್ಕಕ್ಕೆ ತಲೆಯನ್ನೇ ಎತ್ತದ ಹುಡುಗನೊಬ್ಬ ಬೆರಳನ್ನೂ ಮಡಿಸದೆ 2.30 ಎಂದ. ಅವನಿಗೆ ಎಕರೆಗೆ 40 ಗುಂಟೆ. ಒಂದು ಎಕರೆ ಮುರಿದು ಐದಕ್ಕೆ ಸೇರಿಸಿ ಹದಿನೈದು ಕಳೆದಿದ್ದ. ನಾನು ಹಿಗ್ಗಿಹೋದೆ.

ಆ ಹಿಗ್ಗು ಮೊದಲ ರೂಪಣಾತ್ಮಕ ಮೌಲ್ಯಮಾಪನದವರೆಗೆ (ಪಾಠಗಳ ನಡುವಿನ ಕಿರುಪರೀಕ್ಷೆ) ಮಾತ್ರ ಉಳಿಯಿತು. 1.25ಕ್ಕೆ 1.20 ಕೂಡಿಸಿ ಎಂಬ ಸರಳ ಪ್ರಶ್ನೆಗೆ ಹತ್ತು ಹನ್ನೆರಡು ಮಕ್ಕಳು 3.05 ಎಂದು ಬರೆದಿದ್ದರು. 25 ಮತ್ತು 20 ಸೇರಿ 45 ಗುಂಟೆ, ಅಂದರೆ ಒಂದು ಎಕರೆ ಐದು ಗುಂಟೆ! ಲೆಕ್ಕ ತಪ್ಪಿರಲಿಲ್ಲ, ಪ್ರಶ್ನೆ ಬೇರೆಯದಾಗಿತ್ತು. ಎರಡೂವರೆ ಎಕರೆಯನ್ನು ಪಹಣಿ 2.20 ಎಂದು ಬರೆಯುವುದರಿಂದ, ಅದಕ್ಕಿಂತ ಮೊದಲು ಹಾಗೂ ಹೀಗೂ ದಶಮಾಂಶ ಮಾಡುತ್ತಿದ್ದ ನಾಲ್ಕೈದು ಮಕ್ಕಳೂ ಕೆಟ್ಟಿದ್ದರು. ಪಕ್ಕದ ಶಾಲೆಯ ಹಿರಿಯ ಶಿಕ್ಷಕರೊಬ್ಬರು, ಪರೀಕ್ಷೆಯಲ್ಲಿ ಗುಂಟೆ ಕೇಳುವುದಿಲ್ಲ, ಇದನ್ನು ಶ್ಯಾನುಭೋಗರಿಗೆ ಬಿಡಿ ಎಂದು ಸಭೆಯಲ್ಲೇ ಹೇಳಿದರು. ಅವರ ಮಾತಿನಲ್ಲಿ ನ್ಯಾಯವಿತ್ತು, ಆದ್ದರಿಂದಲೇ ಹೆಚ್ಚು ಉರಿಯಿತು.

ಎರಡನೆಯ ವರ್ಷ ಪಹಣಿಯನ್ನು ಬದಿಗಿಟ್ಟು ರೂಪಾಯಿ, ಪೈಸೆಯಿಂದ ಆರಂಭಿಸಿದೆ. ಅದು ಇನ್ನೂ ದೊಡ್ಡ ಸೋಲು. ಈಗಿನ ಮಕ್ಕಳು ಪೈಸೆಯ ನಾಣ್ಯವನ್ನು ಕಂಡೇ ಇಲ್ಲ. ಐವತ್ತು ಪೈಸೆ ಎನ್ನುವುದು ಅವರಿಗೆ ಅಜ್ಜಿಯ ಕಥೆಯ ಸಾಮಗ್ರಿ. ಹೊಸ ದಾರಿ ತೋರಿಸಿದ್ದು ಏಳನೇ ತರಗತಿಯ ಹುಡುಗಿಯೊಬ್ಬಳ ಜಾಮಿಟ್ರಿ ಪೆಟ್ಟಿಗೆಯಲ್ಲಿದ್ದ ಹಾಲಿನ ಡೇರಿಯ ಚೀಟಿ. ಹಾಲು 3.4 ಲೀಟರ್, ಫ್ಯಾಟ್ (ಶೇಕಡಾ ಕೊಬ್ಬು) 4.1, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) 8.5. ಬೆಳಿಗ್ಗೆ ಎದ್ದು ಹಾಲು ಹಾಕಿ ಬರುವ ಮಕ್ಕಳಿಗೆ 4.1 ಮತ್ತು 4.09ರಲ್ಲಿ ಯಾವುದಕ್ಕೆ ಹೆಚ್ಚು ದುಡ್ಡು ಎಂದು ಕೇಳಿದರೆ ಎರಡು ದಿನ ಜಗಳವಾಡಿದರು, ಮೂರನೆಯ ದಿನ ಒಪ್ಪಿದರು.

ಈ ವರ್ಷ ಎರಡನ್ನೂ ತಂದು ಎದುರುಬದುರು ನಿಲ್ಲಿಸಿದೆ. ಪಹಣಿಯಲ್ಲಿರುವುದು ಹೊಲದ ಚುಕ್ಕೆ, ಚೀಟಿಯಲ್ಲಿರುವುದು ಡೇರಿ ಚುಕ್ಕೆ. ಹೊಲದ ಚುಕ್ಕೆ 40ಕ್ಕೆ ಉರುಳುತ್ತದೆ, ಡೇರಿ ಚುಕ್ಕೆ ಹತ್ತು ಹತ್ತಕ್ಕೆ ಉರುಳುತ್ತದೆ. ನೋಟ್‌ಪುಸ್ತಕದಲ್ಲಿ ಹೊಲದ ಲೆಕ್ಕವನ್ನು 2-20 ಎಂದು ಅಡ್ಡಗೆರೆಯಿಂದಲೇ ಬರೆಯಬೇಕು, ಬಾಯಲ್ಲಿ ಎಕರೆ, ಗುಂಟೆ ಎಂದು ಹೇಳಲೇಬೇಕು. ಡೇರಿಯ ಸಂಖ್ಯೆಯನ್ನು ನಾಲ್ಕು ಬಿಂದು ಒಂದು ಎಂದೇ ಓದಬೇಕು. ಹಿಂದಿನ ಸಲ ಯಾವ ಗೊಂದಲಕ್ಕೆ ಹೆದರಿ ಓಡಿದ್ದೆನೋ ಅದನ್ನೇ ಈ ಸಲ ಪಾಠ ಮಾಡಿದೆ. ಹತ್ತಕ್ಕೇ ಏಕೆ ದಶಕ ಏರಬೇಕು ಎಂಬುದು, ನಲವತ್ತಕ್ಕೆ ಏರುವ ಇನ್ನೊಂದು ಲೆಕ್ಕವನ್ನು ಕಂಡ ಮೇಲೆಯೇ ಈ ಮಕ್ಕಳಿಗೆ ಹೊಳೆಯಿತು ಎಂದು ನಾನು ನಂಬಿದ್ದೇನೆ. (ಕರಾವಳಿಯ ಸ್ನೇಹಿತರಿಗೆ ಇದು ಒದಗದು, ಅಲ್ಲಿ ಎಕರೆಗೆ 100 ಸೆಂಟ್ಸ್ ಆಗಿರುವುದರಿಂದ ಎರಡೂ ಚುಕ್ಕೆ ಒಂದೇ ಆಗಿಬಿಡುತ್ತದೆ.)

ವಿಸ್ತೀರ್ಣಕ್ಕೆ ಶಾಲೆಯ ಮೈದಾನವನ್ನೇ ಅಳೆದೆವು. 33 ಅಡಿ ಚೌಕ ಒಂದು ಗುಂಟೆ, 1,089 ಚದರ ಅಡಿ. ಅಂಥ 40 ಸೇರಿದರೆ 43,560. ಹೇಳುವುದು ಸುಲಭ, ಹಗ್ಗ ಸಿಗುವುದು ಕಷ್ಟ. ನೂರನಲವತ್ತು ರೂಪಾಯಿ ಕೊಟ್ಟು ತಂದ ತೆಂಗಿನ ನಾರಿನ ಹಗ್ಗ ಒಂದೇ ಮಳೆಗೆ ನೆನೆದು ಗೇಣುದ್ದ ಕುಗ್ಗಿತು. ಇನ್ನೂರೈವತ್ತರ ಆಸುಪಾಸು ಕೊಟ್ಟು ನೈಲಾನ್ ತಂದರೆ, ಗಟ್ಟಿಮುಟ್ಟಾದ ಹುಡುಗ ತುದಿ ಹಿಡಿದು ಎಳೆದಾಗ ಅದು 34 ಅಡಿಯಾಯಿತು. ಒಂದಡಿ ತಾನೇ ಎಂದರು ಮಕ್ಕಳು. 34ನ್ನು 34ರಿಂದ ಗುಣಿಸಿಸಿದೆ: 1,156. ಗುಂಟೆಯ ಮೇಲೆ 67 ಚದರ ಅಡಿ ಹೆಚ್ಚು, ಅಂದರೆ ಹೆಚ್ಚುಕಡಿಮೆ ಒಂದು ಆಣೆ ಜಮೀನು. ಹದಿನಾರಾಣೆಗೆ ಒಂದು ಗುಂಟೆ ಎಂದು ಬಲ್ಲ ಮಕ್ಕಳು ಸುಮ್ಮನಾದರು. ಆ ದಿನದ ನಂತರ ಹಗ್ಗವನ್ನು ಬಿಗಿಯಾಗಿ ಎಳೆಯುವ ಹುಮ್ಮಸ್ಸು ತಾನಾಗಿ ಇಳಿಯಿತು. ಬೈಂಡಿಂಗ್ ತಂತಿಯನ್ನೂ ನೋಡಿದೆ; ಅದು ಸುರುಳಿ ಬಿದ್ದರೆ ನೆಟ್ಟಗಾಗುವುದಿಲ್ಲ.

ಕೊನೆಗೆ ಒದಗಿದ್ದು ಅಂಗಡಿಗಳ ಪೆಟ್ಟಿಗೆಗೆ ಕಟ್ಟಿ ಬರುವ, ಬಿಚ್ಚಿ ಬಿಸಾಡುವ ಪ್ಲಾಸ್ಟಿಕ್ ಪಟ್ಟಿ. ಅದು ನೆನೆಯುವುದಿಲ್ಲ, ಮಕ್ಕಳ ಎಳೆತಕ್ಕೆ ಹಿಗ್ಗುವುದೂ ಇಲ್ಲವೆನ್ನುವಷ್ಟು ಕಡಿಮೆ, ಬೆಲೆಯಂತೂ ಇಲ್ಲ. 33 ಅಡಿಯನ್ನು ಹದಿನಾರು ಆಣೆಗೆ ಹಂಚಿ, ಒಂದೊಂದಕ್ಕೂ 24.75 ಅಂಗುಲದಂತೆ ಬಣ್ಣದ ಗೆರೆ ಹಾಕಿದೆವು. ಆ ಮುಕ್ಕಾಲು ಅಂಗುಲವನ್ನು ಸ್ಕೇಲಿನಲ್ಲಿ ಹುಡುಕುವುದೇ ಒಂದು ದಿನದ ದಶಮಾಂಶದ ಪಾಠವಾಯಿತು. ಪಟ್ಟಿಯ ತುಂಡುಗಳನ್ನು ಉದ್ದ ತಿನ್ನದಂತೆ, ಗಂಟು ಕಟ್ಟದೆ ಜೋಡಿಸುವ ಬಗೆಯೊಂದಿದೆ. ಮೂರು ಸಲ ಕೆಡಿಸಿ ಕಲಿತದ್ದಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಮೂಲೆ ನೇರ ಮಾಡಲು 9, 12, 15 ಅಡಿಯ ಹಗ್ಗದ ತ್ರಿಕೋನ ಸಾಕು ಎಂಬುದು ಗಾರೆ ಕೆಲಸದವರಿಗೂ ಗೊತ್ತಿರುವುದರಿಂದ ಬಚ್ಚಿಡಲಾರೆ.

ಸರಿ ನೋಡಲು ಮೂವತ್ತು ಮೀಟರಿನ ಫೈಬರ್ ಟೇಪಿಗೆ ಐನೂರೈವತ್ತು, ಗೆರೆ ಹಾಕುವ ಸುಣ್ಣದ ಪುಡಿಗೆ ಇನ್ನೂರರ ಒಳಗೆ, ಎಲ್ಲ ಸೇರಿ ಮೂರು ವರ್ಷಕ್ಕೆ ಸಾವಿರದ ಐನೂರು ರೂಪಾಯಿ ಖರ್ಚಾಗಿರಬಹುದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಐನೂರು ಕೊಟ್ಟರು, ಉಳಿದದ್ದು ನನ್ನದೇ. ಶಾಲಾ ಅನುದಾನದಲ್ಲಿ ಹಗ್ಗಕ್ಕೆ ಯಾವ ಶೀರ್ಷಿಕೆ ಎಂದು ಕೇಳಿಕೊಂಡು ಅಲೆಯುವುದಕ್ಕಿಂತ ಅದು ಹಗುರ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಮೊದಲ ವರ್ಷ ಮನೆಗೆಲಸವಾಗಿ ಅವರವರ ಹೊಲ ಅಳೆದು ಬನ್ನಿ ಎಂದುಬಿಟ್ಟಿದ್ದೆ. ಹುಡುಗನೊಬ್ಬ ನಾರಿನ ಹಗ್ಗದಲ್ಲಿ ಅಳೆದು, ನಮ್ಮ ಬದು ದೊಡ್ಡಪ್ಪನ ಕಡೆಗೆ ಹೋಗಿದೆ ಎಂದು ಊಟದ ಹೊತ್ತಿಗೆ ಸಾರಿದ್ದ. ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯುವುದರೊಳಗೆ ಅಣ್ಣತಮ್ಮಂದಿರಿಬ್ಬರೂ ಶಾಲೆಯ ಗೇಟಿನಲ್ಲಿದ್ದರು. ಕುಗ್ಗಿದ ಹಗ್ಗವನ್ನು ಅವರೆದುರು ಟೇಪಿಗೆ ಹಿಡಿದು ತೋರಿಸಿದ ಮೇಲೆ ಬಿಟ್ಟರು. ಅಂದಿನಿಂದ ಶಾಲೆಯ ಜಾಗ ಬಿಟ್ಟು ಇನ್ನೊಂದು ಅಂಗುಲವನ್ನೂ ಅಳೆಸಿಲ್ಲ.

ನಡುವೆ ಮಳೆಯ ಕಡೆಗೂ ಹೊರಳಿದೆವು. ನೇರ ಗೋಡೆಯ ಬಾಟಲಿಯ ತಳದ ಉಬ್ಬುತಗ್ಗಿಗೆ ಸಿಮೆಂಟು ಹಾಕಿ ಸಮಮಾಡಿ, ಸ್ಕೇಲು ಅಂಟಿಸಿ ಮಳೆಮಾಪಕ ಮಾಡಿದೆವು. ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಒಂದು ಲೀಟರ್. ಸೆಪ್ಟೆಂಬರಿನ ಒಂದು ರಾತ್ರಿ 23 ಮಿಲಿಮೀಟರ್ ಬಿತ್ತು. ಅರವತ್ತು ಅಡಿ ಉದ್ದ ಇಪ್ಪತ್ತು ಅಡಿ ಅಗಲದ ನಮ್ಮ ಚಾವಣಿಯ ಮೇಲೆ ಎರಡೂವರೆ ಸಾವಿರ ಲೀಟರ್ ಸುರಿದು ಚರಂಡಿ ಸೇರಿದೆ ಎಂದು ಲೆಕ್ಕ ಬಂದಾಗ, ಬಿಸಿಯೂಟದ ತಟ್ಟೆ ತೊಳೆಯಲು ಕೊಡ ಹೊತ್ತು ತರುವ ಹುಡುಗಿಯರು ಮೊದಲು ನಂಬಲಿಲ್ಲ, ಆಮೇಲೆ ಸಿಟ್ಟಾದರು. ಪಾಠಯೋಜನೆಯಲ್ಲಿ ಇದಿಲ್ಲವೆಂದು ನನಗೂ ಗೊತ್ತು.

ಮೊದಲ ವರ್ಷ ದಶಮಾಂಶದ ಸಂಕಲನ, ವ್ಯವಕಲನ ಸರಿಯಾಗಿ ಮಾಡಿದವರು ಒಂಬತ್ತೋ ಹತ್ತೋ. ಈ ಸಲದ ಸಂಕಲನಾತ್ಮಕ ಮೌಲ್ಯಮಾಪನದಲ್ಲಿ (ಅವಧಿಯ ಕೊನೆಯ ಪರೀಕ್ಷೆ) 34ರಲ್ಲಿ 27 ಮಂದಿ. ಉಳಿದ ಏಳರಲ್ಲಿ ನಾಲ್ವರಿಗೆ ಗುಣಾಕಾರದ ಮಗ್ಗಿಯೇ ತೊಡಕು, ಅವರಿಗೆ ಪರಿಹಾರ ಬೋಧನೆ ಬೇರೆಯಾಗಿ ನಡೆದಿದೆ. ಉತ್ತರಪತ್ರಿಕೆಗಳನ್ನು ಶಾಲೆಗಳ ನಡುವೆ ಅದಲುಬದಲು ಮಾಡಿ ತಿದ್ದಿದ್ದರಿಂದ, ನಮ್ಮ ಮಕ್ಕಳದ್ದು ಅದೇ ಹಿರಿಯ ಶಿಕ್ಷಕರ ಕೈಗೆ ಹೋಗಿತ್ತು. ಒಬ್ಬ ಹುಡುಗಿ 1.25 ಮತ್ತು 1.20ರ ಮೊತ್ತ 2.45 ಎಂದು ಬರೆದು, ಅಂಚಿನಲ್ಲಿ ಸಣ್ಣದಾಗಿ, ಹೊಲವಾದರೆ 3-05 ಎಂದು ಸೇರಿಸಿದ್ದಳಂತೆ. ಇದೇನೆಂದು ಅವರು ಫೋನ್ ಮಾಡಿ ಕೇಳಿದರು, ನಾನು ಹೇಳಿದೆ, ಒಂದು ಕ್ಷಣ ಸುಮ್ಮನಿದ್ದು ಆ ಪ್ಲಾಸ್ಟಿಕ್ ಪಟ್ಟಿಯನ್ನು ಒಂದು ವಾರದ ಮಟ್ಟಿಗೆ ಕೊಡುತ್ತೀರಾ ಎಂದರು. ಪಟ್ಟಿ ಈಗ ಅವರ ಶಾಲೆಯಲ್ಲಿದೆ. ಟೇಪು ಮಾತ್ರ ಕೊಟ್ಟಿಲ್ಲ.